ನಾಲ್ಕನೆಯ ಮೇಜು

ಸುಗ್ಗಿ ಚಹಾಕೂಟದ ಶನಿವಾರ ಬೆಳಕು ಹರಿಯುವ ಮೊದಲು ಎಫಿ ಹಾರ್ಸ್‌ಫಾಲ್ ಮುಗಿಸಿದ ಕೆಲಸಗಳು ಇಷ್ಟು. ನಾಲ್ಕೂವರೆಗೆ ಎದ್ದು ಒಲೆಯ ಬೂದಿ ಬಳಿದು ಹಿತ್ತಲಿಗೆ ಸುರಿದಳು. ಕಲ್ಲಿದ್ದಲು ಹಾಕಿ ಬೆಂಕಿ ಮಾಡಿದಳು. ಗಂಡ ವಿಲ್ಫ್‌ಗೆ ಓಟ್ಸ್ ಗಂಜಿ ಕಾಯಿಸಿ ಮುಚ್ಚಿಟ್ಟಳು. ಅವನ ಬೂಟಿಗೆ ಪಾಲಿಷ್ ಹಚ್ಚಿದಳು, ಬಿಳಿ ಅಂಗಿಯ ಕಾಲರಿಗೆ ಇಸ್ತ್ರಿ ಹಾಕಿದಳು. ಅಂಗಿಯ ಉಳಿದ ಭಾಗ ಹೇಗೂ ಕೋಟಿನೊಳಗೆ ಅಡಗುತ್ತದೆಂದು ಅದರ ಗೋಜಿಗೆ ಹೋಗಲಿಲ್ಲ. ಹೊಸ್ತಿಲ ಕಲ್ಲು ತೊಳೆದು ಅಂದ ಕಾಣಲೆಂದು ಅದರ ಅಂಚಿಗೆ ಹಳದಿ ಬಣ್ಣ ಬಿಡುವ ಕಲ್ಲು ತಿಕ್ಕಿದಳು. ಹಿಂದಿನ ಸಂಜೆ ಬೇಯಿಸಿ ತಣಿಯಲು ಬಿಟ್ಟಿದ್ದ ಎರಡು ಹಂದಿ ತೊಡೆಗಳ ತೊಗಲು ಸುಲಿದು ಬಟ್ಟೆಯಲ್ಲಿ ಸುತ್ತಿದಳು. ವಿಲ್ಫ್‌ನ ಚಹಾವನ್ನು ಅವನ ತಲೆದೆಸೆಯಲ್ಲಿ ಇಟ್ಟಳು. ಅವನು ಕಣ್ಣು ತೆರೆಯದೆ "ಇಷ್ಟು ಬೇಗ ಯಾಕೆದ್ದೆ?" ಎಂದು ಕೇಳಿದ. ಪ್ರತಿ ವರ್ಷವೂ ಕೇಳುತ್ತಿದ್ದ.

ಐದೂಮುಕ್ಕಾಲಿಗೆ ಬೀಗದ ಕೈ ಹಿಡಿದು ಗುಡ್ಡ ಹತ್ತಿ, ಊರಿನ ಪ್ರಾರ್ಥನಾಮಂದಿರವಾದ ಚಾಪೆಲ್‌ನ ಹಿಂದಿನ ಅಡುಗೆಮನೆ ತೆರೆದಳು. ಇಟ್ಟಿಗೆ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆಗೆ ಅಂಗಳದ ನಲ್ಲಿಯಿಂದ ಹನ್ನೊಂದು ಬಕೆಟ್ ನೀರು ಹೊತ್ತು ಹಾಕಿ ಬೆಂಕಿ ಹೊತ್ತಿಸಿದಳು. ಆ ಮೊದಲ ಹಂಡೆ ನೀರು ದೊಡ್ಡ ತಟ್ಟೆಗಳ ಮೇಲಿನ ವರ್ಷದ ಧೂಳಿಗೇ ಖರ್ಚಾಯಿತು. ಇನ್ನು ಹನ್ನೊಂದು ಬಕೆಟ್ ಚಹಾಕ್ಕೆ. ನೀರು ಕಾಯುವಷ್ಟರಲ್ಲಿ ಬ್ರೆಡ್ ಎದೆಗೊತ್ತಿ ಹಿಡಿದು, ಅದರ ಮುಖಕ್ಕೆ ಬೆಣ್ಣೆ ಸವರಿ, ಆಮೇಲೆ ಹೋಳು ಕೊಯ್ದಳು. ಮತ್ತೆ ಬೆಣ್ಣೆ, ಮತ್ತೆ ಹೋಳು. ಮೊದಲು ಕೊಯ್ದು ಆಮೇಲೆ ಬೆಣ್ಣೆ ಹಚ್ಚುವವಳನ್ನು ನಮ್ಮ ಕಣಿವೆಯಲ್ಲಿ ಯಾರೂ ಮದುವೆಯಾಗುವುದಿಲ್ಲ. ಎಫಿಯ ಹೋಳು ಎಷ್ಟು ತೆಳುವೆಂದರೆ ಅದನ್ನು ಮುಖದ ಮುಂದೆ ಹಿಡಿದರೆ ಎದುರಿಗಿರುವವರ ಟೋಪಿ ಯಾವ ಬಣ್ಣದ್ದೆಂದು ಹೇಳಬಹುದು. ಇಪ್ಪತ್ತು ಬ್ರೆಡ್ ಮುಗಿದಾಗ ಬಯಲ ಅಂಚು ಬೂದುಬಣ್ಣಕ್ಕೆ ತಿರುಗಿತ್ತು.

ಚಾಪೆಲ್‌ನ ವಾರ್ಷಿಕ ವರದಿಯಲ್ಲಿ ಇದಿಷ್ಟಕ್ಕೂ ಒಂದು ವಾಕ್ಯವಿದೆ: "ಮಹಿಳೆಯರು ಎಂದಿನಂತೆ ಚಹಾ ಒದಗಿಸಿದರು." ಅದರಲ್ಲಿ "ಎಂದಿನಂತೆ" ಎಂಬ ಮಾತು ಎಫಿಗೆ ಸೇರಿದ್ದು. ಉಳಿದದ್ದು ಮೇಜಿನವರದು.

ನಮ್ಮ ಊರು ಥಾರ್ನ್‌ಕ್ಲಫ್‌ನಲ್ಲಿ ಮೇಜು ಎಂದರೆ ಹೊಲಮನೆಯ ಹಾಗೆ, ಅದಕ್ಕೆ ವಾರಸುದಾರರುಂಟು. ಚಹಾಕೂಟದ ದಿನ ಸಭಾಂಗಣದಲ್ಲಿ ಎಂಟು ಮೇಜು ಹಾಕುತ್ತಾರೆ. ಒಂದೊಂದಕ್ಕೆ ಹತ್ತು ಜನ, ಎರಡು ಪಂಕ್ತಿ. ಒಂದೊಂದು ಮೇಜಿಗೂ ಒಬ್ಬ ಯಜಮಾನಿ. ತನ್ನ ಮನೆಯ ಮೇಜುವಸ್ತ್ರ, ತನ್ನ ಪಿಂಗಾಣಿ, ತನ್ನ ಟೀಪಾಟ್, ತನ್ನ ಕೈಯ ಕೇಕು ತಂದು, ಮೇಜಿನ ತಲೆಗೆ ಟೋಪಿ ಹಾಕಿಕೊಂಡು ಕುಳಿತು ಚಹಾ ಬಗ್ಗಿಸುವುದು ಅವಳ ಹಕ್ಕು. ಆ ಹಕ್ಕು ತಾಯಿಯಿಂದ ಮಗಳಿಗೆ, ಮಗಳಿಲ್ಲದಿದ್ದರೆ ಸೊಸೆಗೆ. ಹಿಂದಿನ ಅಡುಗೆಮನೆಯೂ ಹಾಗೇ ಇಳಿದು ಬರುತ್ತದೆ, ಆದರೆ ಅದನ್ನು ಹಕ್ಕು ಎಂದು ಕರೆದವರಿಲ್ಲ. ಎಫಿಯ ಅತ್ತೆ ಅಲ್ಲಿ ಪಾತ್ರೆ ತೊಳೆದಳು. ಇಪ್ಪತ್ತೈದಕ್ಕೆ ಸೊಸೆಯಾಗಿ ಬಂದ ಎಫಿ ಅದೇ ತೊಟ್ಟಿಯ ಮುಂದೆ ಅದೇ ಮರದ ಹಲಗೆಯ ಮೇಲೆ ನಿಂತೇ ಈಗ ಐವತ್ತಾರು ಮುಟ್ಟಿದ್ದಳು.

ಇಷ್ಟು ವರ್ಷವೂ ಅವಳಿಗೆ ಒಂದು ಮೇಜು ಬೇಕಿತ್ತು. ಊರಿಗೆಲ್ಲ ಇದು ಗೊತ್ತಿತ್ತು. ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ, ನಾವು ತಿಳಿದುಕೊಂಡದ್ದು ಕಪ್ಪುಗಳಿಂದ. ಹ್ಯಾಲಿಫ್ಯಾಕ್ಸ್‌ನ ಚಿಕ್ಕಮ್ಮ ಬಿಟ್ಟುಹೋದ ನೀಲಿ ಅಂಚಿನ ಹನ್ನೆರಡು ಕಪ್ಪುಗಳನ್ನು ಅವಳು ಪ್ರತಿ ಶುಕ್ರವಾರ ಬೀರುವಿನಿಂದ ಇಳಿಸಿ, ತೊಳೆದು, ಒರೆಸಿ, ಮತ್ತೆ ಬೀರುವಿಗೇ ಏರಿಸುತ್ತಿದ್ದಳು. ಒಂದರಲ್ಲೂ ಒಬ್ಬರೂ ಒಂದು ಗುಟುಕು ಕುಡಿದಿರಲಿಲ್ಲ. ತೊಳೆಯಲಿಕ್ಕೆಂದೇ ಇರುವ ಕಪ್ಪುಗಳು ನಮ್ಮ ಕಣಿವೆಯಲ್ಲಿ ಇರುವಷ್ಟು ಪ್ರಪಂಚದಲ್ಲೆಲ್ಲೂ ಇರಲಾರವು. ಆದರೆ ಹನ್ನೆರಡನ್ನೂ ಎಣಿಸಿ, ಹತ್ತನ್ನು ಮುಂದಿನ ಸಾಲಿನಲ್ಲಿಟ್ಟು, ಎರಡನ್ನು ಒಡೆದರೆ ಇರಲಿ ಎಂದು ಹಿಂದೆ ಇಡುವವಳ ಮನಸ್ಸಿನಲ್ಲಿ ಏನಿದೆ ಎಂದು ಬೇರೆ ಹೇಳಬೇಕೆ?

ಆ ವರ್ಷ ಆಗಸ್ಟ್‌ನಲ್ಲಿ ನಾಲ್ಕನೆಯ ಮೇಜಿನ ಮುದುಕಿ ಮಿಸೆಸ್ ಬ್ಯಾರಕ್ಲಫ್ ತೀರಿಕೊಂಡರು. ಅವರ ಒಬ್ಬಳೇ ಮಗಳು ಸ್ಕಾರ್‌ಬರೋದಲ್ಲಿ ಹೋಟೆಲ್ ನಡೆಸುತ್ತಿದ್ದಳು. "ದಿನಾ ನಲವತ್ತು ಜನಕ್ಕೆ ಚಹಾ ಬಗ್ಗಿಸ್ತೀನಿ, ಅದನ್ನೇ ಪುಕ್ಕಟೆ ಮಾಡೋಕೆ ಅಷ್ಟು ದೂರ ಬರಲಾ?" ಎಂದು ಕಾಗದ ಬರೆದಳು. ಮೊದಲ ಬಾರಿಗೆ ಒಂದು ಮೇಜು ವಾರಸುದಾರರಿಲ್ಲದೆ ಉಳಿಯಿತು.

ಮೇಜುಗಳ ಪಟ್ಟಿ ಮಿಸೆಸ್ ಕ್ರಾಸ್ಲಿಯ ಕೈಯಲ್ಲಿತ್ತು. ಆಕೆ ಗಿರಣಿ ಮ್ಯಾನೇಜರರ ಹೆಂಡತಿ, ಒಂದನೆಯ ಮೇಜಿನ ಯಜಮಾನಿ. ಅದೇ ಗಿರಣಿಯಲ್ಲಿ ಎಫಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದಳು. ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ ಮಿಸೆಸ್ ಕ್ರಾಸ್ಲಿ ಕೈಗವಸು ತೊಟ್ಟುಕೊಂಡು ಎಫಿಯ ಮನೆಗೇ ಬಂದರು. ವಿಲ್ಫ್ ಒಲೆಯ ಮುಂದೆ ಪತ್ರಿಕೆಯ ಹಿಂದೆ ಇದ್ದ.

"ಒಂದು ಕಪ್ ಚಹಾ ತಗೊಳ್ಳಿ, ಮಿಸೆಸ್ ಕ್ರಾಸ್ಲಿ," ಎಂದಳು ಎಫಿ.

"ಅಯ್ಯೋ ಬೇಡ, ನಿಲ್ಲೋಕೂ ಹೊತ್ತಿಲ್ಲ."

"ಕೆಟಲ್ ಹೇಗೂ ಕಾದಿದೆ."

"ನಿನಗೆ ತೊಂದರೆ."

"ತೊಂದರೆ ಏನು ಬಂತು? ಕೂತ್ಕೊಳ್ಳಿ."

"ಇಷ್ಟು ಹೇಳ್ತಿದ್ದೀಯಲ್ಲ, ಸರಿ. ಅರ್ಧ ಕಪ್ ಸಾಕು."

ಎರಡು ಸಲ ಬೇಡವೆಂದು ಮೂರನೆಯದಕ್ಕೆ ಒಪ್ಪಿದ ಚಹಾವನ್ನು ಮಿಸೆಸ್ ಕ್ರಾಸ್ಲಿ ಎರಡು ಕಪ್ ಕುಡಿದರು. ಹಣ್ಣಿನ ಕೇಕಿನ ವಿಷಯದಲ್ಲೂ ಹೀಗೇ ನಡೆದು ಎರಡು ತುಂಡು ಹೋದವು, ಜೊತೆಗೆ ಚೀಸ್. ತುಟಿ ಒರೆಸಿಕೊಂಡ ಮೇಲೆ ಬಂದ ವಿಷಯ ತೆಗೆದರು.

"ನಾಲ್ಕನೇ ಮೇಜಿದೆಯಲ್ಲ, ಎಫಿ. ನೀನು ತಗೊಳ್ತೀಯೇನೋ ಅಂತ ಸಮಿತಿಯಲ್ಲಿ ಮಾತು ಬಂತು."

ಎಫಿಯ ಎದೆ ಗಿರಣಿಯ ಮಗ್ಗದ ಹಾಗೆ ಬಡಿದುಕೊಂಡಿತಂತೆ. ಆಮೇಲೆ ಅವಳೇ ಗೆಳತಿ ನೆಲ್ಲಿಗೆ ಹೇಳಿದ್ದು ಇದು. ಆದರೂ ಮರ್ಯಾದಸ್ಥರ ಮನೆಯಲ್ಲಿ ಬೆಳೆದ ಹೆಂಗಸು ಏನು ಹೇಳಬೇಕೋ ಅದನ್ನೇ ಹೇಳಿದಳು.

"ಅಯ್ಯೋ, ನನಗ್ಯಾಕೆ ಅದೆಲ್ಲ, ಮಿಸೆಸ್ ಕ್ರಾಸ್ಲಿ. ನಾನು ಹಿಂದೆ ಇರೋದೇ ಸರಿ."

ಹೇಳಿ, ಎರಡನೆಯ ಸಲ ಕೇಳುವುದಕ್ಕೆ ಕಾದಳು. ಮೂರನೆಯ ಸಲಕ್ಕೆ ಒಪ್ಪಿಕೊಳ್ಳುವ ಮಾತನ್ನು ನಾಲಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದಳು.

"ಹೌದಾ?" ಎಂದರು ಮಿಸೆಸ್ ಕ್ರಾಸ್ಲಿ, ಕೈಗವಸು ತೊಡುತ್ತ. "ನಾನೂ ಸಮಿತಿಗೆ ಅದೇ ಹೇಳಿದೆ. ಹಿಂದೆ ನೀನಿಲ್ಲದಿದ್ದರೆ ನಮಗೆ ಕೈಕಾಲೇ ಆಡೋದಿಲ್ಲ, ಎಫಿ. ಕೇಕ್ ಬಹಳ ಚೆನ್ನಾಗಿತ್ತು."

ಬಾಗಿಲು ಮುಚ್ಚಿತು. ಪತ್ರಿಕೆ ಒಂದಿಷ್ಟು ಕೆಳಗಿಳಿಯಿತು.

"ಬೇಕಿದ್ರೆ ಬೇಕು ಅನ್ನಬೇಕಿತ್ತು," ಎಂದ ವಿಲ್ಫ್.

"ಒಂದೇ ಸಲಕ್ಕಾ? ನನ್ನನ್ನೇನು ಬಿಕಾರಿ ಅಂದ್ಕೊಂಡ್ಯಾ?"

"ಮತ್ತೆ ಹೋಗಿ ಹೇಳು."

"ಹೋಗಿ ಹೇಳೋದಂತೆ. ನೀನು ನಮ್ಮಪ್ಪನ ಮನೆಗೆ ಬಂದಾಗ ಎರಡು ಸಲ ಬೇಡ ಅಂದು ಮೂರನೇದಕ್ಕೆ ಹಂದಿ ಕಡುಬು ತಿಂದೆಯಲ್ಲ, ಅವತ್ತು ನಮ್ಮಮ್ಮ ಒಂದೇ ಸಲ ಕೇಳಿ ಸುಮ್ಮನಾಗಿದ್ದರೆ?"

"ಹಸ್ಕೊಂಡು ಹೋಗ್ತಿದ್ದೆ."

"ಮತ್ತೆ ಬರ್ತಿರಲಿಲ್ಲ. ನನಗೂ ತೊಳೆಯೋಕೆ ಇಷ್ಟು ಪಾತ್ರೆ ಇರ್ತಿರಲಿಲ್ಲ."

ಪತ್ರಿಕೆ ಮೇಲೇರಿತು.

ಮಿಸೆಸ್ ಕ್ರಾಸ್ಲಿ ಬೇಕೆಂದೇ ಒಂದು ಸಲಕ್ಕೆ ನಿಲ್ಲಿಸಿದರೋ, ಮರೆತರೋ ಎಂಬುದು ಊರಿನಲ್ಲಿ ಎರಡು ವಾರ ಚರ್ಚೆಯಾಯಿತು. ಮರೆತಿರಬಹುದು ಎಂದವರು ಎಂಟು ಮೇಜಿನ ಕಡೆಯವರು. ಎಫಿಯ ಪಕ್ಕದ ಮಗ್ಗದವಳೂ ಹಿಂದಿನ ಅಡುಗೆಮನೆಯಲ್ಲಿ ಪಾತ್ರೆ ಒರೆಸುವವಳೂ ಆದ ನೆಲ್ಲಿಗೆ ಅನುಮಾನವೇ ಇರಲಿಲ್ಲ. "ಕೇಕಿಗೆ ಮೂರು ಸಲ ಕೇಳಿಸ್ಕೊಳ್ಳೋದು ಮರೀಲಿಲ್ವಲ್ಲ ಆ ಹೆಂಗಸು," ಎಂದಳು. ಮತ್ತೂ ಒಂದು ವಾರ ಕಳೆದು ಮೇಜು ಮಿಸೆಸ್ ಕ್ರಾಸ್ಲಿಯ ಹೊಸ ಸೊಸೆ ಬ್ರೆಂಡಾಗೆ ಹೋಯಿತೆಂದು ತಿಳಿದಾಗ ಮರೆವಿನ ಪಕ್ಷದವರೂ ಮಾತು ಬದಲಿಸಿದರು.

ಹೀಗಾಗಿ ಆ ಶನಿವಾರವೂ ಎಫಿ ಎಂದಿನಂತೆ ಹಿಂದೆಯೇ ಇದ್ದಳು. ನೀಲಿ ಅಂಚಿನ ಕಪ್ಪುಗಳು ಬೀರುವಿನಲ್ಲಿದ್ದವು.

ಹತ್ತು ಗಂಟೆಗೆ ಗಂಡಸರು ಬಂದು ಮೇಜು ಹಾಕಿದರು. ಎಂಟು ಮೇಜು ಹಾಕಲು ಹದಿನಾಲ್ಕು ಗಂಡಸರು ಒಂದೂವರೆ ಗಂಟೆ ದುಡಿದರು. ಅದರಲ್ಲಿ ಒಂದು ಗಂಟೆ, ಹೋದ ವರ್ಷ ಮೇಜು ಯಾವ ದಿಕ್ಕಿಗಿತ್ತು ಎಂಬ ವಾದಕ್ಕೆ ಸಂದಿತು. ಆಮೇಲೆ ಸೊಂಟ ಹಿಡಿದುಕೊಂಡು ಅಂಗಳಕ್ಕೆ ಹೋಗಿ ಪೈಪ್ ಹಚ್ಚಿದರು. ವಾರ್ಷಿಕ ವರದಿಯಲ್ಲಿ ಆ ಹದಿನಾಲ್ಕು ಜನರ ಹೆಸರೂ ಅಚ್ಚಾಗುತ್ತದೆ.

ಎರಡು ಗಂಟೆಗೆ ಯಜಮಾನಿಯರು ಬಂದರು. ಮೂರಕ್ಕೆ ಮೊದಲ ಪಂಕ್ತಿ ಕುಳಿತಿತು. ಅಡುಗೆಮನೆಗೂ ಸಭಾಂಗಣಕ್ಕೂ ನಡುವೆ ಗೋಡೆಯಲ್ಲೊಂದು ಕಿಂಡಿ ಇದೆ. ಯಜಮಾನಿಯರು ತಮ್ಮ ಟೀಪಾಟ್ ತಂದು ಕಿಂಡಿಯ ಹಲಗೆಯ ಮೇಲಿಡುತ್ತಾರೆ. ಎಫಿ ಹಂಡೆಯಿಂದ ಕುದಿನೀರು ಮೊಗೆದು ತುಂಬಿ ಕಳಿಸುತ್ತಾಳೆ. ಕಿಂಡಿ ಸೊಂಟದ ಎತ್ತರಕ್ಕಿದೆ. ಅಲ್ಲಿಂದ ಮುಖಗಳು ಕಾಣುವುದಿಲ್ಲ, ಕೈಗಳು ಕಾಣುತ್ತವೆ. ಮೂವತ್ತೊಂದು ವರ್ಷದಲ್ಲಿ ಊರಿನ ಎಲ್ಲರ ಕೈಯ ಪರಿಚಯವೂ ಎಫಿಗಾಗಿತ್ತು. ಮೊದಲು ಬೆಣ್ಣೆ ಬ್ರೆಡ್ ತಿನ್ನದೆ ಕೇಕಿಗೆ ಚಾಚುವ ಕೈ ಯಾರದು, ತಟ್ಟೆಯ ಕೊನೆಯ ತುಂಡಿನ ಸುತ್ತ ಸುಳಿದು ಹಿಂದೆ ಸರಿಯುವ ಕೈ ಯಾರದು, ಎಲ್ಲ.

ನಾಲ್ಕನೆಯ ಮೇಜು ಕಿಂಡಿಗೆ ನೇರ ಎದುರಿಗಿತ್ತು. ಬ್ರೆಂಡಾಳ ಕೈಗೆ ಸಿಕ್ಕಿದ್ದು ಕ್ರಾಸ್ಲಿ ಮನೆತನದ ಬೆಳ್ಳಿಯ ಟೀಪಾಟ್, ಸಣ್ಣ ಕೋಳಿಗೂಡಿನಷ್ಟಿತ್ತು.

ನೆಲ್ಲಿ ತುಟಿ ಮಾತ್ರ ಅಲ್ಲಾಡಿಸಿ, ಸದ್ದಿಲ್ಲದೆ ಹೇಳಿದಳು: "ಪಾಟ್ ಬಿಸಿ ಮಾಡ್ಲೇ ಇಲ್ಲ ನೋಡು." ಮಗ್ಗಗಳ ಗದ್ದಲದಲ್ಲಿ ದುಡಿಯುವ ಹೆಂಗಸರು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಾರೆ. ಚಾಪೆಲ್‌ನಲ್ಲಿ ಇದು ಬಲು ಉಪಯೋಗಕ್ಕೆ ಬರುತ್ತದೆ.

"ಎಷ್ಟು ಚಮಚ ಹಾಕಿದ್ಲು?" ಎಂದು ಎಫಿಯ ತುಟಿ ಕೇಳಿತು.

"ಮೂರು. ಹತ್ತು ಜನಕ್ಕೆ."

"ತಲೆಗೊಂದು, ಪಾಟಿಗೊಂದು ಅಂತ ಅವಳಿಗೆ ಯಾರೂ ಹೇಳಿಕೊಡಲಿಲ್ವಾ?"

"ಅತ್ತೆಗೆ ಗೊತ್ತಿರೋದು ಚಮಚ ಲೆಕ್ಕ ಹಾಕೋದಲ್ಲ ಕಣೇ, ಮೇಜು ಎಳ್ಕೊಳ್ಳೋದು."

ನಾಲ್ಕನೆಯ ಮೇಜಿನ ಹತ್ತು ಜನರೂ ಕಪ್ ಎತ್ತಿ ಒಂದು ಗುಟುಕು ಕುಡಿದರು. ಹತ್ತು ಜನರೂ "ಬಹಳ ಚೆನ್ನಾಗಿದೆ, ಮಗೂ" ಎಂದರು. ಹತ್ತು ಕಪ್ಪುಗಳೂ ಕಂಠಮಟ್ಟ ತುಂಬಿಕೊಂಡು ತೊಟ್ಟಿಗೆ ಬಂದವು. ನಮ್ಮಲ್ಲಿ ಚಹಾದ ಬಗ್ಗೆ ನಿಜ ತಿಳಿಯಬೇಕಾದರೆ ಕುಡಿದವರನ್ನು ಕೇಳಬಾರದು, ತೊಳೆದವರನ್ನು ಕೇಳಬೇಕು. ಎಫಿ ಒಂದೊಂದನ್ನೇ ತೊಟ್ಟಿಗೆ ಸುರಿದಳು. ಸುರಿಯುವಾಗ ಅವಳ ಮುಖದಲ್ಲಿ ದುಃಖವೇನೂ ಕಾಣಲಿಲ್ಲ ಎಂದು ನೆಲ್ಲಿ ನಮಗೆ ಹೇಳಿದಳು.

ನಾಲ್ಕೂಕಾಲಿಗೆ ಮೊದಲ ಪಂಕ್ತಿ ಎದ್ದಿತು. ನೆಲ್ಲಿ ಅವಸರದಲ್ಲಿ ಏಪ್ರನ್ ಬಿಚ್ಚಿದಳು. ಹಾಸಿಗೆ ಹಿಡಿದ ಅವಳ ಅಪ್ಪನಿಗೆ ಚಹಾ ಕೊಟ್ಟು, ಮಗ್ಗುಲು ಬದಲಿಸಿ ಬರಬೇಕಿತ್ತು. "ಅರ್ಧ ಗಂಟೆ. ಒರೆಸೋದು ಬಿಟ್ಟಿರು, ಬಂದು ಒರೆಸ್ತೀನಿ," ಎಂದು ಓಡಿದಳು.

ಎಫಿ ಎರಡನೆಯ ಪಂಕ್ತಿಗೆ ನೀರು ಹೊರಲು ಬಕೆಟ್ ಕೈಗೆತ್ತಿಕೊಂಡಳು. ಆಗಲೇ ಬ್ರೆಂಡಾ ಬಾಗಿಲಲ್ಲಿ ಕಾಣಿಸಿಕೊಂಡದ್ದು. ಹೊಸ ಟೋಪಿ ಒಂದು ಕಿವಿಗೆ ಜಾರಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಬೆಳ್ಳಿಯ ಹಿಡಿ ಕಾದು ಅಂಗೈಯಲ್ಲಿ ಕೆಂಪಗೆ ಗೆರೆ ಎದ್ದಿತ್ತು.

"ಅದನ್ನ ಬಟ್ಟೆ ಸುತ್ತಿ ಹಿಡೀಬೇಕು, ಮಗೂ," ಎಂದು ಎಫಿ ಬಕೆಟ್ ಕೆಳಗಿಟ್ಟು, ಅವಳನ್ನು ಅಂಗಳದ ನಲ್ಲಿಗೆ ಕರೆದೊಯ್ದು ತಣ್ಣೀರ ಕೆಳಗೆ ಕೈ ಹಿಡಿಸಿದಳು. "ಹಾಗೇ ಹಿಡ್ಕೊಂಡಿರು. ಉರಿ ಹೋಗೋತನಕ."

ಬ್ರೆಂಡಾ ಬಹಳ ಹೊತ್ತು ಹಿಡಿದುಕೊಂಡಳು. "ಯಾರೂ ಚಹಾ ಕುಡೀಲಿಲ್ಲ, ಮಿಸೆಸ್ ಹಾರ್ಸ್‌ಫಾಲ್."

"ನೋಡಿದೆ."

"ಚೆನ್ನಾಗಿದೆ ಅಂದ್ರು."

"ಅಂತಾರೆ."

"ನನಗೆ ಈ ಮೇಜು ಬೇಡವಾಗಿತ್ತು. ನಿಮಗೆ ಹೇಳಿದ್ದಕ್ಕೆ ನೀವೇ ಬೇಡ ಅಂದ್ರಿ ಅಂದ್ರು ಅತ್ತೆ."

"ಒಂದು ಸಲ ಅಂದೆ."

ಬ್ರೆಂಡಾಗೆ ಅರ್ಥವಾಗಲಿಲ್ಲ. ಅವಳು ಇಂಗ್ಲೆಂಡಿನ ದಕ್ಷಿಣದವಳು. "ನಮ್ಮ ಕಡೆ ಒಂದು ಸಲ ಬೇಡ ಅಂದ್ರೆ ಬೇಡ ಅಂತಲೇ ಲೆಕ್ಕ."

"ಹಾಗಾದ್ರೆ ನಿಮ್ಮ ಕಡೆಯ ಜನ ಎಷ್ಟು ಹಸ್ಕೊಂಡಿರ್ತಾರೋ, ಪಾಪ."

ಹುಡುಗಿ ಅಳುತ್ತಲೇ ನಕ್ಕಳು. ಆಮೇಲೆ, "ಹಸಿವಿನ ಮಾತು ಬಂತಲ್ಲ, ಬೆಳಿಗ್ಗೆಯಿಂದ ನಾನೇನೂ ತಿಂದಿಲ್ಲ. ಮೇಜಿನವರೆಲ್ಲ ತಿಂದು ಮುಗಿಯೋತನಕ ಯಜಮಾನಿ ತಿನ್ನೋ ಹಾಗಿಲ್ಲವಂತೆ. ಕೂತಿರ್ತೀವಿ ಅಂತ ಹೆಸರು ಅಷ್ಟೇ," ಎಂದಳು.

ಎಫಿ ಇದನ್ನು ಯೋಚಿಸಿರಲಿಲ್ಲ. ಕಿಂಡಿಯಿಂದ ಯಜಮಾನಿಯ ಬಾಯಿ ಕಾಣುತ್ತಿರಲಿಲ್ಲವಲ್ಲ. ಅವಳನ್ನು ಒಳಗೆ ಕರೆತಂದು, ಒಂದು ಹೋಳು ಬ್ರೆಡ್ಡಿನ ಮೇಲೆ ದಪ್ಪಗೆ ಮಾಂಸ ಇಟ್ಟು ಹುಡುಗಿಯ ಒಳ್ಳೆಯ ಕೈಗೆ ಕೊಟ್ಟು, ಗಾಳಿಗೆ ಕೂತು ತಿನ್ನು ಎಂದು ಅಂಗಳದ ಕಟ್ಟೆಗೆ ಕಳಿಸಿದಳು.

ಅವಳು ಹೊರಗೆ ಹೋದ ಬೆನ್ನಿಗೇ ಮಿಸೆಸ್ ಕ್ರಾಸ್ಲಿ ಒಳಗೆ ಬಂದರು. ಸೊಸೆಯ ಸುಟ್ಟ ಕೈಯ ಸುದ್ದಿ ಅವರಿಗೆ ಮುಟ್ಟಿತ್ತು. ಬೆಳ್ಳಿಯ ಟೀಪಾಟನ್ನು ತಾವೇ ಹೊತ್ತು ತಂದಿದ್ದರು.

"ಎಫಿ, ಎರಡನೇ ಪಂಕ್ತಿಗೆ ನಾಲ್ಕನೇ ಮೇಜು ನೀನೇ ತಗೋಬೇಕು."

ಅಭ್ಯಾಸಬಲದಿಂದ ಎಫಿಯ ಬಾಯಿ ತೆರೆಯಿತು. ಮಿಸೆಸ್ ಕ್ರಾಸ್ಲಿ ಅವಕಾಶ ಕೊಡಲಿಲ್ಲ.

"ಬೇಡ ಅನ್ನಬೇಡ. ದಯವಿಟ್ಟು. ಮೂರನೇ ಸಲ ಅಂತಲೇ ತಿಳ್ಕೋ." ಅಂದರೆ ಆಕೆಗೆ ಎಲ್ಲವೂ ಗೊತ್ತಿತ್ತು. ತಮ್ಮ ಬಾಯಿಂದಲೇ ಅದು ಹೊರಬಿದ್ದದ್ದಕ್ಕೆ ಆಕೆಯ ಕಿವಿ ಕೆಂಪಾಯಿತು. "ಎರಡನೇ ಪಂಕ್ತಿಯಲ್ಲಿ ಹೊರಗಿನ ಪಾದ್ರಿಗಳು ನಾಲ್ಕನೇ ಮೇಜಿಗೇ ಕೂರ್ತಾರೆ. ನಿನ್ನ ಕೈ ಚಹಾ ಆದರೆ ಮಾನ ಉಳಿಯುತ್ತೆ. ಇಷ್ಟವಾದರೆ ಇನ್ನು ಮುಂದೆಯೂ ಅದು ನಿನ್ನದೇ ಅಂತ ಪಟ್ಟಿಯಲ್ಲಿ ಬರೀತೀನಿ."

"ಹಂಡೆ ಯಾರು ನೋಡ್ತಾರೆ, ಮಿಸೆಸ್ ಕ್ರಾಸ್ಲಿ?"

"ಹಂಡೆ?" ಹಂಡೆಯನ್ನು ಯಾರಾದರೂ ನೋಡುತ್ತಾರೆ ಎಂಬುದೇ ಆಕೆಗೆ ಹೊಸದು ಎಂಬಂತೆ ಅತ್ತ ತಿರುಗಿದರು. "ಅದನ್ನೂ ನೀನೇ ಸ್ವಲ್ಪ ನೋಡ್ಕೋ. ಮಧ್ಯೆ ಮಧ್ಯೆ ಎದ್ದು ಬಂದರಾಯ್ತು. ನಿನಗೆ ಅಭ್ಯಾಸ ಇದೆಯಲ್ಲ. ಇನ್ನು ಹತ್ತು ನಿಮಿಷಕ್ಕೆ ಪಂಕ್ತಿಯ ಗಂಟೆ ಹೊಡೀತೀನಿ."

ಆಕೆ ಉತ್ತರಕ್ಕೆ ನಿಲ್ಲದೆ ಹೋದರು.

ಅಡುಗೆಮನೆಯಲ್ಲಿ ಎಫಿ ಒಬ್ಬಳೇ ಉಳಿದಳು. ಹಂಡೆಯ ಮುಚ್ಚಳ ಎತ್ತಿ ನೋಡಿದಳು. ತಳದಲ್ಲಿ ಒಂದು ಗೇಣು ನೀರು ಕುದಿಯುತ್ತಿತ್ತು. ಒಂದು ದೊಡ್ಡ ಟೀಪಾಟ್ ತುಂಬಿ, ಆಮೇಲೆ ಅದಕ್ಕೇ ಇನ್ನೊಂದು ಸಲ ನೀರು ಹಾಕಿಕೊಳ್ಳಲು ಸಾಕು. ಎಂಟು ಮೇಜಿಗೆ ಬೇಕಾದರೆ ಈ ಗಳಿಗೆಯಲ್ಲೇ ಎಂಟು ಬಕೆಟ್ ಹೊತ್ತು ಹಾಕಿ, ಒಲೆಗೆ ಕಲ್ಲಿದ್ದಲು ತುಂಬಿ, ಊದಬೇಕು. ಎಂಟು ಬಕೆಟ್ ಹೊತ್ತ ತೋಳಿನಲ್ಲಿ ಬೆಳ್ಳಿ ಪಾಟ್ ಎತ್ತಿದರೆ ಕೈ ನಡುಗುತ್ತದೆ, ಚಹಾ ಪಾದ್ರಿಗಳ ತೊಡೆಯ ಮೇಲೆ ಬೀಳುತ್ತದೆ. ನಡುನಡುವೆ ಎದ್ದು ಬರುವ ಯಜಮಾನಿಯನ್ನು ಯಜಮಾನಿ ಎನ್ನುವುದಿಲ್ಲ, ಆಳು ಎನ್ನುತ್ತಾರೆ. ನೀರು ಹೊರದೆ ಬಿಟ್ಟರೆ ಏಳು ಮೇಜಿನ ಟೀಪಾಟ್‌ಗಳು ಕಿಂಡಿಯಿಂದ ಬರಿದಾಗಿಯೇ ಹಿಂದಿರುಗುತ್ತವೆ. ಥಾರ್ನ್‌ಕ್ಲಫ್‌ನ ಇತಿಹಾಸದಲ್ಲಿ ಹಾಗೆ ಆದದ್ದಿಲ್ಲ.

ಕಿಟಕಿಯಾಚೆ ಅಂಗಳದಲ್ಲಿ, ನಲ್ಲಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಹದಿನಾಲ್ಕು ಗಂಡಸರು ಹೊಟ್ಟೆ ತುಂಬಿಸಿಕೊಂಡು ಪೈಪ್ ಸೇದುತ್ತ ನಿಂತಿದ್ದರು. ಅವರಲ್ಲಿ ವಿಲ್ಫ್ ಕೂಡ ಇದ್ದ, ಕಾಲರ್ ಬೆಳ್ಳಗೆ ಹೊಳೆಯುತ್ತಿತ್ತು. ಮುಂದಿನ ವರ್ಷ ಮೇಜು ಯಾವ ದಿಕ್ಕಿಗಿರಬೇಕು ಎಂದು ವಾದ ನಡೆದಿತ್ತು. ಎಫಿ ಅವರ ಕೈಗಳನ್ನು ಎಣಿಸಿದಳು. ಇಪ್ಪತ್ತೆಂಟು.

ಬೆಳ್ಳಿಯ ಟೀಪಾಟನ್ನು ಬಿಸಿನೀರಲ್ಲಿ ತೊಳೆದಳು. ಮತ್ತಿಷ್ಟು ಬಿಸಿನೀರು ಹಾಕಿ, ಕುಲುಕಿ, ಚೆಲ್ಲಿದಳು. ಹನ್ನೊಂದು ಚಮಚ ಚಹಾಪುಡಿ ಹಾಕಿ ಹಂಡೆಯ ತಳದಿಂದ ಕುದಿಯುವ ನೀರು ಮೊಗೆದು ಕಂಠದವರೆಗೆ ತುಂಬಿದಳು. ಹಿಡಿಗೆ ಬಟ್ಟೆ ಸುತ್ತಿದಳು. ಹಂಡೆಯಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು. ಅದನ್ನೂ ಒಂದು ಜಗ್ಗಿಗೆ ಮೊಗೆದು, ಒಲೆಯ ಕೆಂಡ ಹೊರಗೆಳೆದು ಆರಿಸಿದಳು.

ಏಪ್ರನ್ ಬಿಚ್ಚಿ ಮಡಚಿ ತೊಟ್ಟಿಯ ಅಂಚಿಗಿಟ್ಟಳು. ಮೊಳೆಯಿಂದ ಟೋಪಿ ತೆಗೆದು, ಕೆಟಲ್‌ನ ಹೊಟ್ಟೆಯಲ್ಲಿ ಮುಖ ನೋಡಿಕೊಂಡು ಸರಿಮಾಡಿಕೊಂಡಳು. ಸಭಾಂಗಣದಲ್ಲಿ ಗಂಟೆ ಹೊಡೆಯಿತು. ನೆಲದ ಮೇಲಿದ್ದ ಖಾಲಿ ಬಕೆಟ್ಟನ್ನು ಎತ್ತಿ ಕಿಂಡಿಯ ಹಲಗೆಯ ನಟ್ಟನಡುವೆ, ಯಾರೇ ಬಂದರೂ ಮೊದಲು ಅದೇ ಕಣ್ಣಿಗೆ ಬೀಳುವ ಹಾಗೆ ಇಟ್ಟಳು. ಆಮೇಲೆ ಒಂದು ಕೈಯಲ್ಲಿ ಟೀಪಾಟ್, ಇನ್ನೊಂದರಲ್ಲಿ ಜಗ್ ಹಿಡಿದು, ಸಭಾಂಗಣದ ಕಡೆಯ ಬಾಗಿಲನ್ನು ಸೊಂಟದಿಂದ ತಳ್ಳಿ ಹೊರಗೆ ನಡೆದಳು.